ಹಲಸಿನ ಪೆಟ್ಟಿಗೆಯೊಳಗೆ ತೇಗದ ಪಟ್ಟಿ

ನನ್ನ ಅಣ್ಣ ಮಾಡಿದ ಬಾಗಿಲು ಇದುವರೆಗೆ ಒಂದೂ ಜೋತುಬಿದ್ದಿಲ್ಲ. ಮಧುಗಿರಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ. ಕೇಳದಿದ್ದರೂ ಅಣ್ಣನೇ ಹೇಳುತ್ತಾನೆ. ಶಿರಾ ರಸ್ತೆಯಲ್ಲಿರುವ ಅವನ ಮರಗೆಲಸದ ಶೆಡ್ಡಿನ ಮುಂದೆ ಯಾವಾಗಲೂ ಒಂದು ಹೊಸ ಬಾಗಿಲು ಗೋಡೆಗೆ ಒರಗಿ ನಿಂತಿರುತ್ತದೆ. ಬಂದವರ ಮುಂದೆ ಅದಕ್ಕೆ ಅಂಗೈಯಿಂದ ಎರಡೇಟು ಹಾಕಿ, ಜೀವ ಹೋದರೂ ಇದು ಅಲುಗಾಡುವುದಿಲ್ಲ ಎನ್ನುತ್ತಾನೆ. ಯಾರ ಜೀವ ಎಂದು ಒಮ್ಮೆ ಕೇಳಿದ್ದೆ. ಇನ್ನೆರಡೇಟು ಹಾಕಿ ತೋರಿಸಿದ.

ಇಂಥವನ ಶೆಡ್ಡಿನಲ್ಲಿ ಗಿಟಾರು ಮಾಡಲು ಹೊರಟರೆ ಏನಾಗುತ್ತದೆ ಎಂದು ನಿನಗೆ ಮೊದಲೇ ಹೊಳೆಯಲಿಲ್ಲವೇ ಎಂದು ಈಗ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಹೊಳೆದಿತ್ತು. ಅದಕ್ಕೇ ಗಿಳಿಗೆ ಹೇಳಿದ ಹಾಗೆ ಹೇಳಿದ್ದೆ. ಗಿಳಿಯಾಗಿದ್ದರೆ ಕಲಿತುಕೊಳ್ಳುತ್ತಿತ್ತು.

ನಾನು ಕೊರಟಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮದುವೆಯಾಗಿಲ್ಲ. ಶಾಲೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಭಾನುವಾರ ಬಂತೆಂದರೆ ಪ್ರೈವೇಟ್ ಬಸ್ಸು ಹಿಡಿದು ಮಧುಗಿರಿಗೆ, ಅಣ್ಣ ಅತ್ತಿಗೆಯ ಮನೆಗೆ. ಮದುವೆಯಾಗದ ತಂಗಿ ಎಂದರೆ ನಮ್ಮ ಕಡೆ ಒಂದು ಲೆಕ್ಕವಿದೆ. ಅವಳು ಎಷ್ಟೇ ಸಂಬಳ ತರಲಿ, ತಲೆಗೂದಲು ಎಷ್ಟೇ ನೆರೆಯಲಿ, ಅವಳ ಪರವಾಗಿ ಯೋಚಿಸುವ ಕೆಲಸ ಅಣ್ಣನದು. ಅಣ್ಣ ಆ ಕೆಲಸವನ್ನು ಬಾಗಿಲು ಮಾಡಿದಷ್ಟೇ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದಾನೆ.

ಗಿಟಾರು ಕಲಿತದ್ದು ಬಿ.ಎಡ್. ಹಾಸ್ಟೆಲಿನಲ್ಲಿ, ಪಕ್ಕದ ಮಂಚದ ಗೆಳತಿಯಿಂದ. ಕೆಲಸ ಸಿಕ್ಕ ಮೇಲೆ ದೊಡ್ಡದೊಂದನ್ನು ಕೊಂಡೆ. ಮನೆಗೆ ಬಂದ ನೆಂಟರು ಅದನ್ನು ನೋಡಿ, ಶಾಲೆಯಲ್ಲಿ ಇದನ್ನೂ ಕಲಿಸಬೇಕಾ ಎಂದು ಕೇಳುತ್ತಿದ್ದರು. ಇಲ್ಲ, ನನಗೆ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ. ಸಂಜೆ ಶಾಲೆಯಿಂದ ಬಂದು, ಕಾಫಿ ಕುಡಿದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಹಗಲಿನ ಕಿರುಚಾಟವೆಲ್ಲ ಕಿವಿಯಿಂದ ಇಳಿಯುತ್ತಿತ್ತು. ಇಡೀ ದಿನದಲ್ಲಿ ಆ ಒಂದು ಹೊತ್ತು ಮಾತ್ರ ನನ್ನದು ಎನಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಬಲಗಡೆಯ ಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಗಂಟನ್ನಲ್ಲ, ಪೂರ್ತಿ ಮೊಲೆಯನ್ನೇ. ಇದನ್ನು ಹೀಗೆ ಬಿಡಿಸಿ ಬರೆಯುತ್ತಿರುವುದು ಯಾಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಆ ಮಾತನ್ನು ಆಡುವುದಿಲ್ಲ. ‘ಆಪರೇಷನ್’ ಎನ್ನುತ್ತಾರೆ, ಅದನ್ನೂ ದನಿ ತಗ್ಗಿಸಿ, ಕಳ್ಳತನ ಮಾಡಿದವಳು ನಾನೇ ಎಂಬ ಹಾಗೆ. ಆಪರೇಷನ್ನಿಗೆ ಮುಂಚೆ ಒಂದು ದಿನ ಡಾಕ್ಟರು ಹೊರಗೆ ಬಂದು, ಇವರ ಕಡೆಯವರು ಯಾರು ಎಂದು ಕೇಳಿದರು. ನಾನು ಬೆಂಚಿನ ಮೇಲೆ ಕೂತೇ ಇದ್ದೆ, ಎಚ್ಚರವಾಗಿಯೇ ಇದ್ದೆ, ಬಾಯಿಯೂ ಸರಿಯಾಗಿತ್ತು. ಅಣ್ಣ ಎದ್ದು ಅವರ ಹಿಂದೆ ರೂಮಿನೊಳಗೆ ಹೋದ. ಹೊರಗೆ ಬಂದವನು ನನ್ನ ಮುಖ ನೋಡದೆ, ತೆಗೀಬೇಕಂತೆ ಎಂದ. ನಾನು ಸರಿ ಎಂದೆ. ಬೇರೆ ಏನಾದರೂ ಹೇಳಲು ನನಗೆ ಬೇರೆ ಏನೂ ಗೊತ್ತಿರಲಿಲ್ಲ.

ಆಮೇಲೆ ಎಲ್ಲರೂ ನನಗೆ ಬಲ ಬರಿಸಲು ನಿಂತರು. ರಾಗಿ ಗಂಜಿ, ನಾಟಿ ಕೋಳಿ ಸಾರು, ಐ.ಡಿ.ಹಳ್ಳಿಯ ದೊಡ್ಡಮ್ಮ ಕಳಿಸಿದ ಅಂಟಿನುಂಡೆ. ಬಲ ಬಂತು. ಆದರೆ ಗಿಟಾರು ಎತ್ತಿಕೊಂಡಾಗ ಅದರ ದಪ್ಪ ಅಂಚು ಸರಿಯಾಗಿ ಹೊಲಿಗೆ ಹಾಕಿದ ಜಾಗಕ್ಕೇ ಒತ್ತಿತು. ಆ ದೊಡ್ಡ ಪೆಟ್ಟಿಗೆಯನ್ನು ದಾಟಿಸಿ ಬಲಗೈಯನ್ನು ಮೇಲಿಂದ ಇಳಿಬಿಡಬೇಕು. ಹಾಗೆ ಎತ್ತಿ ಹಿಡಿದ ಕೈ ಸ್ವಲ್ಪ ಹೊತ್ತಿಗೇ ಬಾತುಕೊಳ್ಳುತ್ತಿತ್ತು. ಕೆಲವು ತಿಂಗಳು ಹಲ್ಲು ಕಚ್ಚಿ ನುಡಿಸಿದೆ. ಆಮೇಲೆ ಚೀಲಕ್ಕೆ ಹಾಕಿ ಬೀರುವಿನ ಮೇಲಿಟ್ಟೆ. ಸಂಜೆಗಳು ಖಾಲಿ ಬಿದ್ದವು.

ಚಿಕ್ಕದು ಸಿಗಬಹುದು ಎಂದು ತುಮಕೂರಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಗುಲಾಬಿ ಬಣ್ಣದ್ದೊಂದನ್ನು ಇಳಿಸಿದ. ಲೇಡೀಸ್ ಸೈಜಂತೆ. ತಂತಿ ಮೀಟಿದರೆ ಡಬರಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಇನ್ನೊಂದು, ಮಕ್ಕಳದ್ದು. ಮೇಡಂ, ನಿಮ್ಮ ಮಗುಗೆ ಎಷ್ಟು ವಯಸ್ಸು ಎಂದು ಕೇಳಿದ. ನನಗೆ ಅಲ್ಲೇ ಮೈ ಉರಿಯಿತು. ಬಸ್ಸಿನಲ್ಲಿ ಕೂತು ವಾಪಸ್ಸು ಬರುವಾಗ, ಮರಗೆಲಸದ ಮನೆಯಲ್ಲಿ ಹುಟ್ಟಿ ಈ ಗುಲಾಬಿ ಡಬರಿ ಹೊತ್ತುಕೊಂಡು ಬರಬೇಕಾ ಎನಿಸಿತು. ನನ್ನ ಮೈಗೆ ಸರಿಹೋಗುವುದನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಆಗ ತೀರ್ಮಾನಿಸಿದೆ.

ಗಿಟಾರು ಮಾಡುವುದು ಹೇಗೆಂದು ಮೊಬೈಲಿನಲ್ಲಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ನೋಡಿದೆ, ಬರೆದುಕೊಂಡೆ, ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಗಳನ್ನು ದೊಡ್ಡದು ಮಾಡಿಸಿದೆ. ಅಣ್ಣನಿಗೆ ಹೇಳಿದಾಗ ಅವನಿಗೆ ಖುಷಿಯಾಯಿತು. ಸುಳ್ಳು ಹೇಳಬಾರದು, ನಿಜವಾಗಿ ಖುಷಿಯಾಯಿತು. ಅತ್ತಿಗೆಯ ತವರಿನಿಂದ ಬಂದ ಹಳೆಯ ಹಲಸಿನ ಹಲಗೆ ಅಟ್ಟದಲ್ಲಿತ್ತು. ಅದನ್ನು ಇಳಿಸಿ, ಸೀಳಿಸಿ, ಕೀಸಿ ಹಳದಿ ಮೈ ತೆಗೆದು ತೋರಿಸಿದ. ಬೆನ್ನಿಗೆ, ಪಕ್ಕಕ್ಕೆ ಇದೇ ಇರಲಿ ಎಂದ. ಒಪ್ಪಿದೆ. ಎದುರಿನ ಹಲಗೆಗೆ ಮಾತ್ರ ಹಗುರವಾದ ಸ್ಪ್ರೂಸ್ ಮರ ತರಿಸಿಕೊಂಡೆ.

ಜಗಳ ಶುರುವಾದದ್ದು ಅಳತೆಯಿಂದ.

ಶೆಡ್ಡಿನ ಪಕ್ಕದ ಮನೆಗೆ ಹೊಸ ಫ್ರಿಜ್ಜು ಬಂದಿತ್ತು. ಅದರ ರಟ್ಟಿನ ಡಬ್ಬ ಕೇಳಿ ತಂದು ಮೂರು ಆಕಾರ ಕತ್ತರಿಸಿದೆ: ದೊಡ್ಡದು, ನಡುವಿನದು, ಪಾರ್ಲರ್ ಎಂದು ಕರೆಯುವ ಚಿಕ್ಕದು. ಸುತ್ತ ರಟ್ಟಿನ ಪಟ್ಟಿ ಅಂಟಿಸಿ ಪಕ್ಕವನ್ನೂ ಮಾಡಿದೆ, ಯಾಕೆಂದರೆ ನನಗೆ ಅಗಲಕ್ಕಿಂತ ಆ ದಪ್ಪವೇ ಮುಖ್ಯವಾಗಿತ್ತು. ಅತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡರು. ನಾನು ಸೆರಗು ತೆಗೆದು ಮಂಚದ ತುದಿಯಲ್ಲಿ ಕನ್ನಡಿಗೆ ಎದುರಾಗಿ ಕೂತು ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡೆ. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಸ್ನಾನ ಮಾಡಿಸಿದವರು ಅತ್ತಿಗೆ. ಅವರಿಗೆ ಆ ಜಾಗ ಗೊತ್ತು. ದೊಡ್ಡದು ಬಂದಾಗ ಅವರೇ ತಲೆಯಾಡಿಸಿ ತೆಗೆದರು. ನಡುವಿನದರ ಅಂಚು ಗಾಯದ ತುದಿಗೆ ತಾಗಿತು. ಚಿಕ್ಕದನ್ನು ಇಟ್ಟುಕೊಂಡಾಗ ಪೆಟ್ಟಿಗೆ ಪಕ್ಕೆಯ ಕೆಳಗೇ ಉಳಿಯಿತು. ಕೈ ತಾನಾಗಿ ಇಳಿದು ತಂತಿ ಇರಬೇಕಾದ ಕಡೆ ನಿಂತಿತು. ಅತ್ತಿಗೆ ರಟ್ಟಿಗೂ ನನ್ನ ಮೈಗೂ ನಡುವೆ ಎರಡು ಬೆರಳು ತೂರಿಸಿ ನೋಡಿದರು.

‘ಇದು ಕಣಮ್ಮ. ಇದು ಒತ್ತಲ್ಲ’ ಎಂದರು.

ಹೊರಗೆ ಬಂದು ಚಿಕ್ಕದು ಎಂದು ಹೇಳಿದ್ದೇ ತಡ, ಅಣ್ಣ ಶುರು ಮಾಡಿದ. ಪೆಟ್ಟಿಗೆ ದೊಡ್ಡದಿದ್ದರೆ ತಾನೇ ಸದ್ದು. ಇಷ್ಟು ಚಿಕ್ಕದು ಮಾಡಿದರೆ ನೋಡಿದವರು ಮರ ಸಾಲದೆ ಬಂತು ಅಂದುಕೊಳ್ಳುತ್ತಾರೆ. ಮಾಡುವುದೇ ಮಾಡುತ್ತೇವೆ, ನಾಲ್ಕು ಜನ ಕಣ್ಣರಳಿಸಿ ನೋಡುವ ಹಾಗೆ ಮಾಡೋಣ. ಅದು ಕೂರುವುದು ನನ್ನ ತೊಡೆಯ ಮೇಲೆ, ನಾಲ್ಕು ಜನರ ತೊಡೆಯ ಮೇಲಲ್ಲ ಎಂದೆ. ಯಾಕೆ ಚಿಕ್ಕದೇ ಬೇಕು ಎಂದು ಅವನು ಒಂದು ಸಲ ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳಲಿಲ್ಲ. ಅತ್ತಿಗೆ ಅಡುಗೆಮನೆಯಿಂದ, ಅವಳು ಹೇಳಿದಷ್ಟೇ ಮಾಡಿ ಸುಮ್ನಿರಿ ಎಂದು ಗದರಿದ ಮೇಲೆ ಗೊಣಗಿಕೊಂಡು ರಟ್ಟಿನ ಅಳತೆ ಹಿಡಿದ.

ಬೇಸಿಗೆ ಬರುವ ಮುಂಚಿನ ಭಾನುವಾರಗಳೆಲ್ಲ ಶೆಡ್ಡಿನಲ್ಲೇ ಕಳೆದವು. ಹಲಸಿನ ತೆಳು ಪಟ್ಟಿಗಳನ್ನು ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸುವುದು ನನ್ನ ಕೈಗೆ ಆಗುವ ಕೆಲಸವಲ್ಲ. ಅದನ್ನು ಅಣ್ಣ ಮಾಡಿದ. ಒಂದೂ ಸೀಳಲಿಲ್ಲ. ಉಳಿದದ್ದನ್ನು ನಾನೇ ಮಾಡಿದೆ, ನಿಧಾನವಾಗಿ, ಎಡಗೈಯನ್ನು ಮುಂದೆ ಮಾಡಿಕೊಂಡು.

ಆಮೇಲೆ ಎದುರು ಹಲಗೆಯ ಒಳಗಿನ ಪಟ್ಟಿಗಳ ವಿಷಯ ಬಂತು. ಗಿಟಾರಿನ ಎದುರು ಹಲಗೆ ತುಂಬ ತೆಳು, ದಪ್ಪ ರಟ್ಟಿನಷ್ಟು. ಆರು ತಂತಿಗಳು ಅದನ್ನು ಹಗಲೂ ಇರುಳೂ ಎಳೆಯುತ್ತಿರುತ್ತವೆ. ಒಳಗೆ ಆಸರೆಯ ಪಟ್ಟಿಗಳಿಲ್ಲದಿದ್ದರೆ ಹಲಗೆ ಉಬ್ಬಿ, ಕುಸಿದು ಹಾಳಾಗುತ್ತದೆ. ಪಟ್ಟಿ ಹೆಚ್ಚಾದರೆ ಅದು ಅಲುಗುವುದೇ ಇಲ್ಲ, ಅಲುಗದಿದ್ದರೆ ಸದ್ದೇ ಇಲ್ಲ. ತಂತಿ ಸುಮ್ಮನೆ ಮಿಡಿಯುತ್ತದೆ, ಹಾಡುವುದು ಹಲಗೆ. ಎಂಟನೇ ತರಗತಿಯ ಮಕ್ಕಳಿಗೆ ವರ್ಷವೂ ಹೇಳುವ ಪಾಠ ಇದು, ಕಂಪಿಸುವ ವಸ್ತುವಿನಿಂದ ಶಬ್ದ ಹುಟ್ಟುತ್ತದೆ ಎಂದು. ಅಣ್ಣನಿಗೂ ಹೇಳಿದೆ. ಅವನು ಮುಖ ಗಂಟಿಕ್ಕಿದ. ಅವನ ಕಸುಬಿನಲ್ಲಿ ಅಲುಗುವ ಹಲಗೆ ಎಂದರೆ ಅವಮಾನ. ಗಿರಾಕಿ ಕರೆದು ತೋರಿಸಿ ಬೈಯುವ ವಿಷಯ.

ಪಟ್ಟಿ ಜೋಡಿಸಲು ನಕ್ಷೆಯಲ್ಲಿ ಎರಡು ಬಗೆ ಇದ್ದವು. ಒಂದು ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿ ಅಡ್ಡ ಪಟ್ಟಿಗಳು. ಅದನ್ನು ನೋಡಿದ ಕೂಡಲೇ ಅಣ್ಣನ ಮುಖ ಅರಳಿತು. ಅಂಗಾದ್ರೆ ಇದು ಬಾಗ್ಲೇ ಎಂದ. ಹಲಗೆ ಬಾಗಿಲ ಹಿಂದೆ ಹೊಡೆಯುವ ಅಡ್ಡಪಟ್ಟಿಗಳು ಹಾಗೇ ಇರುತ್ತವೆ. ಇನ್ನೊಂದು ಬಗೆಯಲ್ಲಿ ಎರಡು ಪಟ್ಟಿಗಳು ಒಂದನ್ನೊಂದು ಕತ್ತರಿಯ ಹಾಗೆ ದಾಟುತ್ತವೆ, ಸುತ್ತ ಸಣ್ಣ ಸಣ್ಣವು. ಚಿಕ್ಕ ಪೆಟ್ಟಿಗೆಗೆ ಎರಡೂ ನಡೆಯುತ್ತವೆ. ಏಣಿಯದು ಸುಲಭ, ಆದರೆ ಸದ್ದು ತುಸು ಒರಟು, ಬೇಗ ಸಾಯುತ್ತದೆ ಎಂದು ಕೇಳಿಸಿಕೊಂಡಿದ್ದೆ. ನನಗೆ ತಂತಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಉಳಿಯುವ ಸದ್ದು ಬೇಕಿತ್ತು. ಕತ್ತರಿಯದು ಎಂದೆ. ಪಟ್ಟಿಗಳು ದಾಟುವ ಕಡೆ ಒಂದರೊಳಗೊಂದು ಅರ್ಧರ್ಧ ಕೂರುವ ಕಚ್ಚು ಬೇಕು. ಅದನ್ನು ಅಣ್ಣ ಎಷ್ಟು ಚೆನ್ನಾಗಿ ಕೂರಿಸಿದ ಎಂದರೆ ಅಂಟು ಹಾಕುವ ಮೊದಲೇ ಅದು ಬಿಡುತ್ತಿರಲಿಲ್ಲ. ಪಟ್ಟಿಗಳ ತುದಿಗಳನ್ನು ನಾನು ಉಳಿಯಿಂದ ಹೆರೆದು ಹೆರೆದು ಇಳಿಸಿದೆ. ಮಧ್ಯೆ ಮಧ್ಯೆ ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತಟ್ಟಿ ಕೇಳಿದೆ. ಮೊದಲು ಸಪ್ಪಗಿತ್ತು. ಇಳಿಸುತ್ತ ಹೋದಂತೆ ಬಾಯಿ ಬಿಟ್ಟಿತು. ಒಂದು ಭಾನುವಾರ ಮಧ್ಯಾಹ್ನ ತಟ್ಟಿದಾಗ ಕಂಚಿನ ಬಟ್ಟಲಿಗೆ ಬೆರಳು ತಾಗಿಸಿದ ಹಾಗೆ ಸದ್ದು ಎದ್ದು, ಸ್ವಲ್ಪ ನಿಂತು, ಆಮೇಲೆ ಹೋಯಿತು. ಸಾಕು ಎಂದು ಉಳಿ ಇಟ್ಟುಬಿಟ್ಟೆ. ಬಹಳ ದಿನಗಳ ಮೇಲೆ ನನಗೆ ನಗು ಬಂತು.

ಅಣ್ಣ ಬಂದು ಹಲಗೆಯ ಮೇಲೆ ಹೆಬ್ಬೆರಳು ಒತ್ತಿದ. ಅದು ಕೂದಲೆಳೆಯಷ್ಟು ಬಗ್ಗಿತು. ಇದು ಬಗ್ತೈತೆ ಎಂದ. ಬಗ್ಗಬೇಕು ಎಂದೆ. ಅವನು ನನ್ನ ಮುಖ ನೋಡದೆ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. ಅದನ್ನು ನಾನು ಗುರುತು ಹಿಡಿಯಬೇಕಿತ್ತು. ಆಸ್ಪತ್ರೆಯ ಆ ರೂಮಿನಿಂದ ಹೊರಗೆ ಬಂದಾಗಲೂ ಅವನು ಹೀಗೇ ಮುಖ ತಪ್ಪಿಸಿದ್ದ.

ಪೆಟ್ಟಿಗೆಗೆ ಬೆನ್ನು ಅಂಟಿಸುವುದೊಂದು ಬಾಕಿ ಇರುವಾಗ ಎಸ್ಸೆಸ್ಸೆಲ್ಸಿ ಪತ್ರಿಕೆಗಳ ಮೌಲ್ಯಮಾಪನಕ್ಕೆ ನನ್ನನ್ನು ತುಮಕೂರಿಗೆ ಹಾಕಿದರು. ಹೋಗುವ ಮುಂಚೆ ಅಣ್ಣನಿಗೆ ಹೇಳಿದೆ: ನಾನು ಬರುವವರೆಗೆ ಮುಟ್ಟಬೇಡ, ಬೆನ್ನು ನಾನು ಬಂದ ಮೇಲೆ. ಆಯ್ತು ಹೋಗಮ್ಮ ಎಂದ. ಅತ್ತಿಗೆಗೂ ಹೇಳಿದೆ. ತುಮಕೂರಿನಲ್ಲಿ ಕೂತು, ‘ಶಬ್ದ ಹೇಗೆ ಉಂಟಾಗುತ್ತದೆ’ ಎಂಬ ಪ್ರಶ್ನೆಗೆ ‘ಬಾಯಿಯಿಂದ’ ಎಂದು ಬರೆದವರಿಗೆಲ್ಲ ಸೊನ್ನೆ ಹಾಕುತ್ತ ಮನಸ್ಸಿನಲ್ಲಿ ಬೆನ್ನು ಅಂಟಿಸುತ್ತಿದ್ದೆ.

ಕೆಲಸ ಮುಗಿಸಿ ಕೊರಟಗೆರೆಗೂ ಇಳಿಯದೆ ನೇರ ಮಧುಗಿರಿಗೆ ಹೋದೆ. ಶೆಡ್ಡಿನಲ್ಲಿ ಪಾವಗಡದ ಕಡೆಯ ಗಿರಾಕಿಯೊಬ್ಬರು ಬಾಗಿಲು ನೋಡಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ನನ್ನ ಪೆಟ್ಟಿಗೆ ಕೆಲಸದ ಮೇಜಿನ ಮೇಲಿತ್ತು. ಮುಚ್ಚಿತ್ತು. ಬೆನ್ನು ಅಂಟಿಸಿ, ಅಂಚು ಕೀಸಿ, ಮೇಲೆ ಅರಿಶಿನ ಕುಂಕುಮ ಇಟ್ಟಿದ್ದರು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ಬಹುಮಾನ ಬರುತ್ತದೆ ಎಂದು ಕಾಯುವವನ ಹಾಗೆ. ನಾನು ಹಲಗೆ ತಟ್ಟಿದೆ. ಗೋಡೆ ತಟ್ಟಿದ ಹಾಗಿತ್ತು. ಇನ್ನೊಮ್ಮೆ ತಟ್ಟಿದೆ. ಒಳಗೆ ಏನೋ ಮೆತ್ತಗೆ ಗಿಲಿಗಿಲಿ ಎಂದಿತು.

ಮೊಬೈಲಿನ ಬೆಳಕು ಹಾಕಿ ನಡುವಿನ ತೂತಿನಿಂದ ನೋಡಿದೆ. ನಾನು ಹೆರೆದು ಇಳಿಸಿದ ಪಟ್ಟಿಗಳ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಹೆಬ್ಬೆರಳು ಗಾತ್ರದ ತೇಗದ ಪಟ್ಟಿಯೊಂದು ಅಡ್ಡ ಬಿದ್ದಿತ್ತು. ನಡುನಡುವೆ ಖಾಲಿ ಉಳಿದ ಕಡೆಗೆಲ್ಲ ತುಂಡು ಮರ ತುಂಬಿ ಹಲಗೆಗೆ ಕೂರಿಸಿದ್ದ. ಬಾಗಿಲ ಹಿಂದಿನ ಪಟ್ಟಿಯೇ. ಪಟ್ಟಿಯ ನಡುವೆ ಹಳದಿ ಬಟ್ಟೆಯ ಸಣ್ಣ ಗಂಟೊಂದನ್ನು ಕಟ್ಟಿದ್ದ. ಹೊಸ ಮನೆಗೆ ಮುಂಬಾಗಿಲು ನಿಲ್ಲಿಸುವ ದಿನ ನವಧಾನ್ಯವನ್ನು ಹಾಗೆ ಗಂಟು ಕಟ್ಟಿ ಮೇಲೆ ಕಟ್ಟುತ್ತಾರೆ. ಅಣ್ಣ ಕೈಯಾರೆ ಎಷ್ಟು ಮನೆಗಳಿಗೆ ಕಟ್ಟಿದ್ದಾನೋ. ನನ್ನ ಗಿಟಾರಿಗೂ ಕಟ್ಟಿದ್ದ.

ಏನಿದು ಎಂದು ಕೇಳಿದೆ. ಶುಕ್ರವಾರ ದಿನ ಚೆನ್ನಾಗಿತ್ತು, ನೀನು ಬರೋ ಹೊತ್ತಿಗೆ ಒಳ್ಳೆ ದಿನ ಇರಲಿಲ್ಲ, ಅದಕ್ಕೇ ಶಾಸ್ತ್ರ ಮಾಡಿ ಮುಚ್ಚಿದೆ ಎಂದ. ಪಟ್ಟಿ ಯಾಕೆ ಎಂದೆ. ಹಲಗೆ ತೆಳ್ಳಗಿತ್ತು, ತಂತಿ ಬಿಗಿದ ದಿನವೇ ಒಡೆದುಹೋಗುತ್ತಿತ್ತು, ಒಡೆದರೆ ನೀನು ನೊಂದುಕೊಳ್ಳುತ್ತಿದ್ದೆ, ಅದಕ್ಕೇ ಹಾಕಿದೆ ಎಂದ. ಸಮಾಧಾನವಾಗಿ ಹೇಳಿದ, ದೊಡ್ಡ ಉಪಕಾರದ ಸುದ್ದಿ ಹೇಳುವ ಹಾಗೆ. ಪಾವಗಡದ ಗಿರಾಕಿಗೆ ಕನಿಕರ ಬಂದು, ‘ಪೋನೀಲೇ ಅಮ್ಮಾ, ಗಟ್ಟಿಗಾನೇ ಉಂಟುಂದಿ ಕದಾ’ ಎಂದರು. ಹೋಗಲಿ ಬಿಡಮ್ಮ, ಗಟ್ಟಿಯಾಗೇ ಇರುತ್ತಲ್ಲ ಎಂದು. ಎಲ್ಲರಿಗೂ ಗಟ್ಟಿಯಾದದ್ದೇ ಬೇಕು. ನನಗೇನು ಬೇಕು ಎಂಬುದು ಯಾರಿಗೂ ಬೇಕಿಲ್ಲ.

ನನಗೆ ಆ ಹೊತ್ತಿನಲ್ಲಿ ಬಂದಂಥ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಎಷ್ಟೋ ಸಲ ನುಂಗಿಕೊಂಡಿದ್ದೇನೆ. ಅಂದು ನುಂಗಲಿಲ್ಲ. ಗಿರಾಕಿಯನ್ನು ನೋಡಿ, ಸ್ವಾಮಿ, ನಾಳೆ ಬನ್ನಿ ಎಂದೆ. ಅವರು ಎದ್ದು ಚಪ್ಪಲಿ ಹಾಕಿಕೊಂಡರು.

ಅವರು ಹೋದ ಮೇಲೆ ಅಣ್ಣನಿಗೆ ಹೇಳಿದೆ: ನಾನು ತಪಾಸಣೆಗೆ ಹೋಗಿದ್ದಾಗ ಹೊಸ ಡಾಕ್ಟರಮ್ಮ ಒಬ್ಬರು ಇದ್ದರು. ನನ್ನ ಹಳೆಯ ರಿಪೋರ್ಟು ನೋಡಿ, ನೀವು ಪೂರ್ತಿ ತೆಗೆಸಿಕೊಳ್ಳುವುದನ್ನೇ ಆರಿಸಿಕೊಂಡಿರಾ, ಗಂಟು ಮಾತ್ರ ತೆಗೆದು ರೇಡಿಯೇಷನ್ ಕರೆಂಟು ಕೊಡುವ ದಾರಿಯೂ ಇತ್ತಲ್ಲ ಎಂದು ಕೇಳಿದರು. ನಾನು ಆರಿಸಿಕೊಂಡೆ ಎಂದೆ, ನಿನ್ನ ಮರ್ಯಾದೆ ಕಾಯಲು. ಅವತ್ತು ಆ ರೂಮಿನಲ್ಲಿ ನಿನಗೆ ಎರಡು ದಾರಿ ಹೇಳಿದ್ದರೋ, ಒಂದೋ?

ಅತ್ತಿಗೆ ಟೀ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಇದು ಹೊಸದು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

‘ಎರಡು’ ಎಂದ ಅಣ್ಣ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಕೇಳಿದ್ರೆ ನೀನು ಚಿಕ್ಕದನ್ನೇ ಹಿಡ್ಕೊತಿದ್ದೆ ಕಣಮ್ಮ. ನಿಂಗೆ ಯಾವಾಗ್ಲೂ ಅಂಗೇ. ಆಮ್ಯಾಕೆ ಅದು ತಿರಗಾ ಬಂದ್ಬುಟ್ಟಿದ್ರೆ? ನಂಗೆ ನೀನು ಉಳೀಬೇಕಾಗಿತ್ತು, ಅಷ್ಟೇಯ.’

ಪ್ರೀತಿಯಿಂದ ಹೇಳಿದ. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಂಥ ಪ್ರೀತಿಗೆ ಏನು ಮಾಡಬೇಕು? ಅದು ನಮ್ಮ ಬಾಯಿಗೆ ಬೀಗ ಹಾಕಿ, ಕೀಲಿಕೈ ತನ್ನ ಜೇಬಿಗೆ ಹಾಕಿಕೊಂಡು, ನಿನ್ನ ಒಳ್ಳೆಯದಕ್ಕೇ ಎನ್ನುತ್ತದೆ.

‘ಅತ್ಗೆ, ಇಸ್ತ್ರಿಪೆಟ್ಟಿಗೆ ಕೊಡಿ’ ಎಂದೆ.

ಮರದ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯ ಅಂಚಿಗೆ ಇಸ್ತ್ರಿ ಒತ್ತಿ, ತೆಳು ಚಾಕು ತೂರಿಸಿ ಬೆರಳಗಲ ಬೆರಳಗಲ ಬಿಡಿಸಿಕೊಂಡು ಹೋಗಬೇಕು. ಶಾಸ್ತ್ರ ಮಾಡಿ ಮುಚ್ಚಿದ್ದನ್ನು ಬಿಚ್ಚಬಾರದು, ಕೇಡು ಎಂದ ಅಣ್ಣ. ಕೇಡೆಲ್ಲ ಈಗಾಗಲೇ ಆಗಿದೆ ಎಂದೆ. ಹಲಸಿನ ಅಂಚು ಒಂದು ಕಡೆ ಚಕ್ಕೆ ಎದ್ದಿತು. ಅಣ್ಣ ಉಸಿರು ಹಿಡಿದುಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಬಲಗೈ ಬಾತುಕೊಳ್ಳತೊಡಗಿತು. ಅವನು ಕೈ ಮುಂದೆ ಮಾಡಿದ, ನಾನು ಚಾಕು ಕೊಡಲಿಲ್ಲ. ಅತ್ತಿಗೆ ಇಸ್ತ್ರಿಪೆಟ್ಟಿಗೆ ಹಿಡಿದರು, ನಾನು ಚಾಕು. ಸಂಜೆ ಬಿಸಿಲು ಬೆಟ್ಟದ ಆ ಕಡೆಗೆ ಜಾರುವ ಹೊತ್ತಿಗೆ ಬೆನ್ನು ಬಿಟ್ಟಿತು.

ಒಳಗೆ ತೇಗದ ಪಟ್ಟಿ ಅಚ್ಚುಕಟ್ಟಾಗಿ ಕೂತಿತ್ತು. ಅಷ್ಟು ಚೆನ್ನಾಗಿ ಕೂರಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಹಳದಿ ಗಂಟನ್ನು ಬಿಚ್ಚಿ ಅತ್ತಿಗೆಯ ಕೈಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಒಳಗೆ ದೇವರ ಮುಂದೆ ಇಟ್ಟು ಬಂದರು. ಪಟ್ಟಿಯನ್ನು ಒಂದೇ ಸಲಕ್ಕೆ ಕೀಳುವ ಹಾಗಿಲ್ಲ, ಹಲಗೆಯೂ ಕಿತ್ತುಬರುತ್ತದೆ. ಉಳಿಯಿಂದ ಚೂರು ಚೂರೇ ಹೆರೆದು ಇಳಿಸಬೇಕು. ಅದಕ್ಕೆ ಆಮೇಲಿನ ಎರಡು ಮೂರು ಭಾನುವಾರ ಹಿಡಿಯಿತು. ಆ ದಿನಗಳಲ್ಲಿ ಅಣ್ಣನ ಜೊತೆ ಮಾತಾಡಲಿಲ್ಲ. ಅವನು ಅತ್ತ ಬಾಗಿಲು ಕೀಸುತ್ತಿದ್ದ, ನಾನು ಇತ್ತ ಅವನ ಪಟ್ಟಿಯನ್ನು ಪುಡಿ ಮಾಡುತ್ತಿದ್ದೆ. ಉಳಿ ಮೊಂಡಾದಾಗ ಮೇಜಿನ ಮೇಲೆ ಇಟ್ಟು ಊಟಕ್ಕೆ ಹೋದರೆ, ಬರುವ ಹೊತ್ತಿಗೆ ಮಸೆದು ಇಟ್ಟಿರುತ್ತಿದ್ದ. ಅದನ್ನೇ ಎತ್ತಿಕೊಂಡು ಮತ್ತೆ ಹೆರೆಯಲು ಕೂರುತ್ತಿದ್ದೆ.

ನನ್ನ ಪಟ್ಟಿಗಳ ಮೈ ಅಲ್ಲಲ್ಲಿ ಗಾಯವಾಗಿತ್ತು. ಸವರಿ ಸರಿಮಾಡಿದೆ. ತಟ್ಟಿ ಕೇಳಿದೆ. ಮೊದಲಿನ ಸದ್ದು ಪೂರ್ತಿ ಬರಲಿಲ್ಲ, ಹತ್ತಿರ ಹತ್ತಿರ ಬಂತು. ಅಷ್ಟಕ್ಕೆ ಬೆನ್ನು ಮುಚ್ಚಿದೆ, ನಾನೇ, ಒಂದು ಮಂಗಳವಾರ. ಮಂಗಳವಾರ ಯಾರೂ ಒಳ್ಳೆಯ ಕೆಲಸ ಶುರು ಮಾಡುವುದಿಲ್ಲ. ಬೇಕೆಂದೇ ಆ ದಿನ ಹೋಗಿದ್ದೆ.

ಕತ್ತು ಕೂರಿಸಿ, ಮೆರುಗು ಒಣಗಿ, ತಂತಿ ಕಟ್ಟುವ ಹೊತ್ತಿಗೆ ಮಳೆಗಾಲ ಬಂದಿತ್ತು. ಶೆಡ್ಡಿನ ಬಾಗಿಲ ಬಳಿ ಬೆಳಕಿಗೆ ಕೂತು ಒಂದೊಂದೇ ತಂತಿ ಬಿಗಿದೆ. ಪ್ರತಿ ಸಲ ಕೀಲಿ ತಿರುಗಿಸಿದಾಗಲೂ ಅಣ್ಣ ಕೀಸುಳಿ ನಿಲ್ಲಿಸಿ ಹಲಗೆಯ ಕಡೆ ನೋಡುತ್ತಿದ್ದ. ಒಡೆಯುತ್ತದೆ ಎಂದು ಕಾಯುತ್ತಿದ್ದಾನೆ ಎಂದು ನನಗೆ ಒಳಗೇ ಕುದಿಯಿತು. ಕೊನೆಯ ತಂತಿಯೂ ಶ್ರುತಿಗೆ ಬಂತು. ಹಲಗೆ ಒಡೆಯಲಿಲ್ಲ. ಪೆಟ್ಟಿಗೆ ಪಕ್ಕೆಯ ಕೆಳಗೆ ಕೂತಿತು, ಎಲ್ಲಿಯೂ ಒತ್ತಲಿಲ್ಲ. ಕೈ ಇಳಿಬಿಟ್ಟು ಆರೂ ತಂತಿಗಳನ್ನು ಒಟ್ಟಿಗೆ ಮೀಟಿದೆ. ಚಿಕ್ಕ ಪೆಟ್ಟಿಗೆಯ ಸದ್ದೇ, ಆದರೆ ತುಂಬಿಕೊಂಡು ಬಂತು, ಬೆರಳು ತೆಗೆದ ಮೇಲೂ ಉಳಿಯಿತು. ನನಗೆ ಅಳು ಬರುವ ಹಾಗಾಯಿತು, ಸಿಟ್ಟಿನಲ್ಲಿ ಅಳು ಬರಬಾರದೆಂದು ತಲೆ ತಗ್ಗಿಸಿದೆ.

ಅಣ್ಣ ಬಂದು ಪಕ್ಕದಲ್ಲಿ ನಿಂತ. ಅಂಗಿಯ ಮೇಲೆಲ್ಲ ತೇಗದ ಸಿಪ್ಪೆ.

‘ಅವತ್ತು ನಿನ್ನ ಕೇಳಿದ್ದಿದ್ರೆ, ಏನಂತಿದ್ದೆ?’ ಎಂದ.

ಈ ಪ್ರಶ್ನೆಯನ್ನು ಡಾಕ್ಟರಮ್ಮನ ಮಾತು ಕೇಳಿದ ದಿನದಿಂದ ನಾನೇ ನನಗೆ ಕೇಳಿಕೊಂಡಿದ್ದೆ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಬಚ್ಚಲಲ್ಲಿ. ಉತ್ತರ ಗೊತ್ತಿತ್ತು. ಸುಳ್ಳು ಹೇಳಿ ಅವನನ್ನು ಸುಡಬಹುದಿತ್ತು. ನಿಜ ಹೇಳಿದರೆ ಇನ್ನೂ ಹೆಚ್ಚು ಸುಡುತ್ತದೆ ಎಂದೂ ಗೊತ್ತಿತ್ತು.

‘ಪೂರ್ತಿ ತೆಗೀರಿ ಅಂತ್ಲೇ ಅಂತಿದ್ದೆ ಕಣಣ್ಣ’ ಎಂದೆ. ‘ನಂಗೂ ಬದುಕ್ಬೇಕಾಗಿತ್ತು.’

ಇಷ್ಟು ವರ್ಷ ಅಣ್ಣ, ಕೇಳಿದ್ದರೆ ತಂಗಿ ತಪ್ಪು ದಾರಿ ಹಿಡಿಯುತ್ತಿದ್ದಳು, ಅದರಿಂದ ಅವಳನ್ನು ಉಳಿಸಿದೆ ಎಂದುಕೊಂಡು ಬದುಕಿದ್ದ. ಗೋಡೆಗೆ ಒರಗಿಸಿದ್ದ ಬಾಗಿಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಕೊಂಡ. ಮೂರನೆಯ ತಂತಿ ಸ್ವಲ್ಪ ಇಳಿದಿತ್ತು, ಅದನ್ನು ಬಿಗಿದೆ.